ಎರಡು ಹಸು, ಒಂದೂವರೆ ವರ್ಷ… ಆಮೇಲೆ ನಡೆದದ್ದೇ ಬೇರೆ!

ಒಂದು ಪಂದ್ಯ ಕಟ್ಟೋಣ, ಬನ್ನಿ.

ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆ. ಊರಾಚೆಗೊಂದು ಗುಡಿಸಲು. ಮನೆಯಲ್ಲಿ ದುಡಿಯುವ ಗಂಡಸಿಲ್ಲ. ಹೊಲವಿಲ್ಲ. ಕೂಲಿ ಸಿಕ್ಕ ದಿನ ಒಲೆ ಹೊತ್ತುತ್ತದೆ, ಸಿಗದ ದಿನ ಕೈಚಾಚುವುದೇ ಗತಿ. ಶಾಲೆಯಲ್ಲಿರಬೇಕಾದ ಮಕ್ಕಳೂ ದುಡಿಮೆಗೆ ಇಳಿದಿವೆ. ಸಾಲ ಕೊಡುವ ಸಂಘಗಳು ಈ ಬಾಗಿಲಿಗೆ ಬರುವುದೇ ಇಲ್ಲ. ಕೊಟ್ಟರೆ ವಾಪಸು ಬರುತ್ತದೆಯೇ ಎಂಬ ಭಯ ಅವರಿಗೆ, ತೀರಿಸಲಾರೆನೆಂಬ ಭಯ ಈಕೆಗೆ.

ಒಂದು ದಿನ ಯಾರೋ ಬಂದು ಆಕೆಯ ಅಂಗಳದಲ್ಲಿ ಎರಡು ಹಸು ಕಟ್ಟುತ್ತಾರೆ. ಸಾಲವಲ್ಲ. ಬಡ್ಡಿಯಿಲ್ಲ. ಪುಕ್ಕಟೆ! ಒಂದೂವರೆ ವರ್ಷ ವಾರವಾರವೂ ಬಂದು ವಿಚಾರಿಸುತ್ತಾರೆ. ಆಮೇಲೆ ಕೈಮುಗಿದು ಹೊರಟುಬಿಡುತ್ತಾರೆ.

ಹತ್ತು ವರ್ಷ ಕಳೆಯಿತು ಅಂದುಕೊಳ್ಳಿ. ಈಗ ಆ ಮನೆಗೆ ಹೋದರೆ ಏನು ಕಾಣುತ್ತದೆ?

ಹೇಳಿ ನೋಡೋಣ!

ಹಸು ಮಾರಿ ತಿಂದು, ಮತ್ತೆ ಅದೇ ಗುಡಿಸಲು, ಅದೇ ಖಾಲಿ ಮಡಕೆ ಅಂದಿರಾ? ಅರಳಿಕಟ್ಟೆಯ ಮೇಲೆ ಕೂತ ಹಿರಿಯರೆಲ್ಲ ಹೇಳುವುದು ಇದನ್ನೇ. ಪುಕ್ಕಟೆ ಕೊಟ್ಟದ್ದು ನಿಲ್ಲುವುದಿಲ್ಲ, ಬಿಟ್ಟಿ ಅನ್ನ ಜನರನ್ನು ಸೋಮಾರಿ ಮಾಡುತ್ತದೆ ಅಂತ. ಕೇಳಿದ್ದೇವಲ್ಲ, ಎಷ್ಟು ಸಲ!

ಉತ್ತರ ಆಮೇಲೆ. ಮೊದಲು ಆ ಎರಡು ಹಸು ಆ ಅಂಗಳಕ್ಕೆ ಬಂದ ಬಗೆ ಕೇಳಿ. ಅದೇ ಒಂದು ಸೋಜಿಗ.

ಕೊಟ್ಟದ್ದು ಬಂಧನ್-ಕೊನ್ನಗರ್ ಎಂಬ ಸೇವಾ ಸಂಸ್ಥೆ. ಬಂಧನ್ ಹೆಸರು ನೀವು ಕೇಳಿರುತ್ತೀರಿ. 2015ರಲ್ಲಿ ಬ್ಯಾಂಕೇ ಆಗಿಬಿಟ್ಟ ಕಿರುಸಾಲದ ಸಂಸ್ಥೆ ಅದು. ಕೊನ್ನಗರ್ ಹೂಗ್ಲಿ ಜಿಲ್ಲೆಯ ಒಂದು ಪುಟ್ಟ ಪೇಟೆ. ಬ್ಯಾಂಕ್ ಒಂದು ಕಡೆ, ಲಾಭವಿಲ್ಲದ ಸೇವೆ ಇನ್ನೊಂದು ಕಡೆ. ಸಾಲ ಕೊಟ್ಟು ಬೆಳೆದವರ ಕುಲದಿಂದಲೇ ಸಾಲ ಕೊಡಲಾಗದವರಿಗೊಂದು ಯೋಜನೆ ಹುಟ್ಟಿತು!

ಕಡು ಬಡವರು ಯಾರು? ಇದನ್ನು ಪತ್ತೆ ಮಾಡುವುದು ಹೇಗೆ ಹೇಳಿ?

ಕಚೇರಿಯ ಪಟ್ಟಿ ನೋಡಿ ಅಲ್ಲ. ಊರ ದಾರಿಯಲ್ಲಿ ಜನರನ್ನು ಸೇರಿಸುತ್ತಾರೆ. ಬರಿ ನೆಲದ ಮೇಲೆ ಊರಿನ ನಕ್ಷೆ ಬರೆಸುತ್ತಾರೆ. ಪ್ರತಿಯೊಂದು ಮನೆಗೂ ಅದರಲ್ಲಿ ಜಾಗ. ಮನೆಗೊಂದು ಚೀಟಿ. ಚೀಟಿಗಳನ್ನು ಊರವರ ಕೈಗೇ ಕೊಟ್ಟು, ಉಳ್ಳವರಿಂದ ಇಲ್ಲದವರವರೆಗೆ ಗುಡ್ಡೆ ಹಾಕಿಸುತ್ತಾರೆ. ಊರಿಗೆ ಗೊತ್ತಿಲ್ಲದ್ದೇನಿದೆ? ಯಾರ ಮನೆಯಲ್ಲಿ ಎಷ್ಟು ದಿನ ಒಲೆ ಹೊತ್ತಿಲ್ಲ ಎಂಬುದು ನೆರೆಮನೆಯವರಿಗೆ ಗೊತ್ತು!

ಕೊನೆಯ ಗುಡ್ಡೆಯ ಚೀಟಿಗಳನ್ನು ಹಿಡಿದು ಕಾರ್ಯಕರ್ತರು ಮನೆಮನೆಗೆ ಹೋಗುತ್ತಾರೆ. ಭಿಕ್ಷೆ, ಕೂಲಿ ಬಿಟ್ಟರೆ ಬೇರೆ ಆದಾಯ ಉಂಟೇ? ಜಮೀನು ಉಂಟೇ? ಮೈಗಟ್ಟಿಯಿರುವ ಗಂಡಸು ಉಂಟೇ? ಮಕ್ಕಳು ಶಾಲೆಗೆ ಹೋಗುತ್ತಿವೆಯೇ? ಹೀಗೆ ಸೋಸಿ ಸೋಸಿ ಉಳಿದವರೇ ಆ ಮನೆಗಳು.

ಸರಿ, ಕೊಟ್ಟದ್ದೆಷ್ಟು? ಲಕ್ಷವೇ? ಐವತ್ತು ಸಾವಿರವೇ?

ಅಲ್ಲ! ಸುಮಾರು 4,500 ರೂಪಾಯಿ ಬೆಲೆಯ ಬದುಕಿನ ದಾರಿ. 2007ರ ಆಸುಪಾಸಿನ ರೂಪಾಯಿ ಅದು. ಎರಡು ಹಸು, ಇಲ್ಲವೇ ನಾಲ್ಕು ಆಡು, ಇಲ್ಲವೇ ಒಂದು ಹಸು ಎರಡು ಆಡು. ದನ ಬೇಡವೆನ್ನುವವರಿಗೆ ಸೀರೆ ಮಾರುವ, ಭತ್ತ ಕುಟ್ಟುವ, ಪುಟ್ಟ ಅಂಗಡಿ ಇಡುವ ಬಂಡವಾಳ. ನಗದು ಕೈಗೆ ಕೊಡುವುದಿಲ್ಲ. ಸಂಸ್ಥೆಯವರೇ ಜೊತೆಗೆ ಹೋಗಿ ಕೊಡಿಸುತ್ತಾರೆ.

ಆದರೆ ಹಸು ಬಂದ ದಿನವೇ ಹಾಲು ಕರೆಯುತ್ತದೆಯೇ? ಅಲ್ಲಿಯವರೆಗೆ ಹೊಟ್ಟೆಗೇನು? ಹಸಿದ ತಾಯಿ ಹಸು ಮಾರದೆ ಇನ್ನೇನು ಮಾಡಿಯಾಳು!

ಅಲ್ಲೇ ಇದೆ ಜಾಣತನ. ವಾರಕ್ಕೆ 90 ರೂಪಾಯಿ ಕೈಖರ್ಚು. ದನ ಪಡೆದವರಿಗೆ 30ರಿಂದ 40 ವಾರ. ಜೊತೆಗೆ ವಾರಕ್ಕೆ ಹತ್ತು ರೂಪಾಯಿ ಉಳಿತಾಯ ಕಡ್ಡಾಯ. ಹಸು ಸಾಕುವ ಪಾಠ. ವಾರಕ್ಕೊಮ್ಮೆ ಮನೆಗೆ ಭೇಟಿ. 18 ತಿಂಗಳು ಹೀಗೆ. ಅಷ್ಟೇ!

ತಾಳಿ. ಇನ್ನೊಂದು ಪ್ರಶ್ನೆ. ಇಷ್ಟೆಲ್ಲ ಪುಕ್ಕಟೆ ಕೊಡುತ್ತೇವೆ ಅಂದಾಗ ಎಷ್ಟು ಜನ ಬೇಡ ಅಂದಿರಬಹುದು? ನೂರಕ್ಕೆ ಒಬ್ಬರು? ಇಬ್ಬರು?

ಹೆಚ್ಚುಕಡಿಮೆ ಅರ್ಧದಷ್ಟು ಜನ!

ಹೌದು. ಕಡುಬಡವರಲ್ಲಿ ಕಡುಬಡವರು, ಎದುರಿಗೆ ನಿಂತ ಹಸು, ಆದರೂ ಬೇಡ. ಬಾಳೆಲ್ಲ ಯಾರೂ ಬಿಡಿಗಾಸು ಕೊಟ್ಟಿರದ ಮನೆಗೆ ಒಮ್ಮೆಲೇ ಗೋದಾನ ಅಂದರೆ ನಂಬುವುದು ಹೇಗೆ? ಇದರಲ್ಲೇನೋ ಮೋಸವಿದೆ ಎಂಬ ಅನುಮಾನ. ಅವರನ್ನು ದಡ್ಡರೆನ್ನಲು ನನಗೆ ಬಾಯಿ ಬಾರದು. ಯಾರಾದರೂ ನಿಮ್ಮ ಮನೆ ಮುಂದೆ ಕಾರು ನಿಲ್ಲಿಸಿ ಕೀಲಿ ಕೊಟ್ಟರೆ ನೀವು ತಕ್ಷಣ ತೆಗೆದುಕೊಳ್ಳುತ್ತೀರಾ?

ಈ ಅರ್ಧವನ್ನು ನೆನಪಿಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಪಂದ್ಯದ ತೀರ್ಪು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಇಬ್ಬರು. ನೊಬೆಲ್‌ಗೆ ಎಷ್ಟೋ ವರ್ಷ ಮೊದಲೇ ಅವರೂ ಅವರ ಸಂಗಡಿಗರೂ ಮುರ್ಷಿದಾಬಾದಿನ ಈ ಹಳ್ಳಿಗಳ ಬೆನ್ನು ಹತ್ತಿದ್ದರು. ಅರ್ಹರ ಪಟ್ಟಿಯಲ್ಲಿದ್ದ ಮನೆಗಳು ಸಾವಿರಕ್ಕೆ ತುಸು ಕಡಿಮೆ. ಲಾಟರಿ ಎತ್ತಿದರು. ಅರ್ಧ ಮನೆಗಳಿಗೆ ಯೋಜನೆ, ಇನ್ನರ್ಧಕ್ಕೆ ಇಲ್ಲ. ಎರಡೂ ಕಡೆ ಅದೇ ಬಡತನ, ಅದೇ ಊರು, ಅದೇ ಮಳೆ. ವ್ಯತ್ಯಾಸ ಅದೃಷ್ಟವೊಂದೇ!

ಕೈಹಿಡಿದು ನಡೆಸುವುದು ನಿಂತು ಬಹಳ ದಿನವಾದ ಮೇಲೆ ಹೋಗಿ ಅಳೆದರು. ಯೋಜನೆಯ ಮನೆಗಳು ಊಟಕ್ಕೆ ಶೇ. 15ರಷ್ಟು ಹೆಚ್ಚು ಖರ್ಚು ಮಾಡುತ್ತಿದ್ದವು. ತಿಂಗಳ ಗಳಿಕೆ ಶೇ. 20ರಷ್ಟು ಹೆಚ್ಚು. ಉಪವಾಸದ ಹೊತ್ತುಗಳು ಕಡಿಮೆ.

ಹಾಲು ಮಾರಿದರು, ದುಡ್ಡು ಬಂತು, ಇದರಲ್ಲೇನು ವಿಶೇಷ ಅನ್ನುತ್ತೀರಾ?

ಅದೇ ಸಮಸ್ಯೆ! ಲೆಕ್ಕ ಹಾಕಿದರೆ ಬರಿ ಹಸುವಿನ ಹಾಲಿನಿಂದ, ಆಡಿನ ಮರಿಯಿಂದ ಇಷ್ಟೆಲ್ಲ ಬರುವ ಹಾಗಿಲ್ಲ. ಸಂಶೋಧಕರೇ ತಲೆಕೆರೆದುಕೊಂಡರು. ಮತ್ತೆಲ್ಲಿಂದ ಬಂತು?

ದುಡಿಮೆಯಿಂದ! ಈ ಮನೆಯವರು ಶೇ. 28ರಷ್ಟು ಹೆಚ್ಚು ಹೊತ್ತು ದುಡಿಯುತ್ತಿದ್ದರು. ಅದರಲ್ಲೂ ಹೆಚ್ಚಿನ ಭಾಗ, ಯೋಜನೆ ಕೊಡದೇ ಇದ್ದ ಕೆಲಸಗಳಲ್ಲಿ! ಬಿಟ್ಟಿ ಕೊಟ್ಟರೆ ಸೋಮಾರಿಗಳಾಗುತ್ತಾರೆ ಅಂದಿರಲ್ಲ, ಕಟ್ಟೆಯ ಹಿರಿಯರೇ, ಎಲ್ಲಿದ್ದೀರಿ?

ಇನ್ನೂ ಒಂದಿದೆ. ಮನಸ್ಸಿನ ಭಾರ ಇಳಿದಿತ್ತು. ಖಿನ್ನತೆ ಕಡಿಮೆಯಾಗಿತ್ತು. ಡುಫ್ಲೊ ಒಂದು ಉಪನ್ಯಾಸದಲ್ಲಿ ಇದಕ್ಕೊಂದು ಕಾರಣ ಊಹಿಸಿದರು. ಹಸು ಕೊಟ್ಟದ್ದು ಹಾಲನ್ನಲ್ಲ, ಭರವಸೆಯನ್ನು! ನಾಳೆ ಎಂಬುದೊಂದಿದೆ ಎಂದು ತೋರಿದಾಗ ತಾನೇ ಇಂದು ಬೆವರು ಹರಿಸಲು ಮನಸ್ಸು ಬರುವುದು?

ಭರವಸೆಯನ್ನು ಗ್ರಾಂ ಲೆಕ್ಕದಲ್ಲಿ ತೂಗಲಾಗದು, ಒಪ್ಪುತ್ತೇನೆ. ವರ್ಷ ಎಣಿಸಬಹುದಲ್ಲ? ಎಣಿಸಿದರು. ಏಳನೆಯ ವರ್ಷ ಮತ್ತೆ ಹೋದರು. ಇಷ್ಟರಲ್ಲಿ ಎಲ್ಲ ಕರಗಿಹೋಗಿರಬೇಕು ತಾನೇ?

ಕರಗಿರಲಿಲ್ಲ. ಬೆಳೆದಿತ್ತು!

ಏಳು ವರ್ಷವೂ ಅಂತರ ಹಿಗ್ಗುತ್ತಲೇ ಹೋಗಿತ್ತು. ಹತ್ತನೆಯ ವರ್ಷವೂ ಹೋದರು. ಆಗಲೂ ಉಳಿದಿತ್ತು! ಊಟ, ಆದಾಯ, ಆರೋಗ್ಯ, ಎಲ್ಲದರಲ್ಲೂ. 18 ತಿಂಗಳ ಕೈಹಿಡಿತ, ಹತ್ತು ವರ್ಷದ ಬೆಳಕು.

ಈಗ ಆ ‘ಬೇಡ’ ಎಂದ ಅರ್ಧವನ್ನು ನೆನಪು ಮಾಡಿಕೊಳ್ಳಿ. ಸಂಶೋಧಕರು ಅವರನ್ನು ಲೆಕ್ಕದಿಂದ ಬಿಟ್ಟಿರಲಿಲ್ಲ! ಲಾಟರಿಯಲ್ಲಿ ಹೆಸರು ಬಂದ ಎಲ್ಲರನ್ನೂ, ಹಸು ಪಡೆದವರನ್ನೂ ತಿರಸ್ಕರಿಸಿದವರನ್ನೂ ಕೂಡಿಸಿ ತೆಗೆದ ಸರಾಸರಿ ಇದು. ಹಾಗಾದರೆ ನಿಜವಾಗಿ ಪಡೆದವರ ಬದುಕು ಎಷ್ಟು ಬದಲಾಗಿರಬೇಕು! ನನಗೆ ಈ ಒಂದು ಸಂಗತಿ ತಿಳಿದಾಗ ಪುಟ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಓಡಾಡಬೇಕಾಯಿತು.

ಹತ್ತು ವರ್ಷ ಉಳಿದದ್ದು ಹೇಗೆ? ಆ ಹಸುಗಳೇ ಉಳಿದಿದ್ದವೇ? ಅದು ಮುಖ್ಯವೇ ಅಲ್ಲ! ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಮನೆಯವರು ಒಳ್ಳೆಯ ಸಂಬಳದ ಕೆಲಸ ಹುಡುಕಿಕೊಂಡು ದೂರದ ಊರುಗಳಿಗೆ ಹೊರಟರು. ವಲಸೆ! ಅದೂ ಕೂಲಿಯ ಪಾಡಿಗೆ ಬೇಸತ್ತು ಓಡಿಹೋದ ವಲಸೆಯಲ್ಲ, ಅವಕಾಶ ಕಂಡು ಹೊರಟ ವಲಸೆ. ಪರ ಊರಿಗೆ ಹೋಗಲು ರೈಲಿನ ದುಡ್ಡು ಬೇಕು, ಕೆಲಸ ಸಿಗುವವರೆಗೆ ಹೊಟ್ಟೆಪಾಡು ನೋಡಬೇಕು, ಹಿಂದೆ ಉಳಿದವರು ಹಸಿಯಬಾರದು. ಎಲ್ಲರಿಗಿಂತ ಬಡವರಿಗೆ ಗುಳೆ ಹೋಗುವುದೂ ಕೈಗೆಟುಕದ ಐಷಾರಾಮ. ಅಂಗಳದಲ್ಲಿ ಕಟ್ಟಿದ ಹಸು ಊರಾಚೆಯ ದಾರಿ ತೆರೆಯಿತು!

ಇಷ್ಟೊಂದು ಜಾಣ ಉಪಾಯ ಯಾರ ತಲೆಯದು? ಅಮೆರಿಕದ್ದೇ? ವಿಶ್ವಬ್ಯಾಂಕಿನದೇ?

ಅಲ್ಲ, ಪಕ್ಕದ ಮನೆಯದು. ಬಾಂಗ್ಲಾದೇಶದ್ದು!

ಫಜ್ಲೆ ಹಸನ್ ಅಬೆದ್. ಹಡಗು ಕಟ್ಟುವ ವಿದ್ಯೆ ಕಲಿಯಲು ಗ್ಲಾಸ್ಗೋಗೆ ಹೋದವರು. ಮನಸ್ಸು ಬದಲಿಸಿ ಲೆಕ್ಕಪತ್ರ ತಜ್ಞರಾದರು. ಶೆಲ್ ತೈಲ ಕಂಪನಿಯಲ್ಲಿ ದೊಡ್ಡ ಹುದ್ದೆ. 1970ರ ಭೋಲಾ ಚಂಡಮಾರುತ ಕಣ್ಣೆದುರು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಬಾಂಗ್ಲಾ ವಿಮೋಚನೆಯ ಯುದ್ಧ. 1972ರಲ್ಲಿ ಲಂಡನ್ನಿನ ತಮ್ಮ ಮನೆ ಮಾರಿ ಬಂದ ಹಣದಲ್ಲಿ ಸಿಲ್ಹೆಟ್ ಸೀಮೆಯ ಶಾಲ್ಲಾ ಎಂಬ ಕೊಂಪೆಯಲ್ಲಿ ಪರಿಹಾರದ ಕೆಲಸ ಶುರು. ಅದೇ ಬ್ರ್ಯಾಕ್ ಎಂಬ ಸಂಸ್ಥೆ!

ಇವರ ಕೆಲಸದ ರೀತಿಗೊಂದು ಉದಾಹರಣೆ ಹೇಳದೆ ಮುಂದೆ ಹೋಗಲಾರೆ. 1980ರ ದಶಕ. ವಾಂತಿಭೇದಿಗೆ ಮಕ್ಕಳು ಸಾಯುತ್ತಿದ್ದ ಕಾಲ. ಮದ್ದು ಯಾವುದು ಗೊತ್ತೇ? ಒಂದು ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು! ಇದನ್ನು ಕಲಿಸಲು ಹೆಣ್ಣುಮಕ್ಕಳು ಮನೆಮನೆಗೆ ಹೋದರು. ಹತ್ತು ವರ್ಷದಲ್ಲಿ ಮುಟ್ಟಿದ ಮನೆಗಳು ಎಷ್ಟು? ಒಂದು ಕೋಟಿಗೂ ಹೆಚ್ಚು! ಕಲಿಸಿದವರಿಗೆ ಸಂಬಳ ಎಷ್ಟು ಮನೆ ಸುತ್ತಿದರೆಂದು ನೋಡಿ ಕೊಡುತ್ತಿರಲಿಲ್ಲ. ಆಮೇಲೆ ಬೇರೆಯವರು ಹೋಗಿ ತಾಯಂದಿರನ್ನು ಕೇಳುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಕಲಿಸಿದವಳಿಗೆ ಅಷ್ಟು ದುಡ್ಡು! ಬಾಗಿಲು ತಟ್ಟಿ ಬಂದದ್ದೇ ಕೆಲಸ ಎಂದು ಬರೆದುಕೊಳ್ಳುವ ಎಲ್ಲ ಯೋಜನೆಗಳಿಗೂ ಈ ನಿಯಮ ಹಾಕಿದರೆ ಹೇಗಿರುತ್ತದೆ, ಸುಮ್ಮನೆ ಯೋಚಿಸಿ!

ಬ್ರ್ಯಾಕ್ ಕಿರುಸಾಲವನ್ನೂ ಕೊಡುತ್ತಿತ್ತು. ಆದರೆ ತೀರಾ ತಳದವರು ಆ ಬಲೆಯ ಕಣ್ಣುಗಳಿಂದ ಜಾರಿಬೀಳುತ್ತಿದ್ದರು. ಅದನ್ನು ಕಂಡೇ 2002ರಲ್ಲಿ ಈ ಹೊಸ ದಾರಿ. ಹಸು, ಕೈಖರ್ಚು, ಪಾಠ, ವಾರದ ಭೇಟಿ, ಊರಿನ ಉಳ್ಳವರನ್ನೇ ಸೇರಿಸಿ ಒಂದು ಸಮಿತಿ. ಎರಡು ವರ್ಷಕ್ಕೆ ಕೈಬಿಡುವುದು. ಬಾಂಗ್ಲಾದೇಶದಲ್ಲಿ ಇದರ ಒಳಗೆ ಹಾದು ಹೋದ ಕುಟುಂಬಗಳು 20 ಲಕ್ಷ ದಾಟಿವೆ. ಅಂದಹಾಗೆ ಬಂಧನ್ ಕಟ್ಟಿದ ಚಂದ್ರಶೇಖರ್ ಘೋಷ್ ಢಾಕಾದಲ್ಲಿ ಓದಿ, ಬ್ರ್ಯಾಕ್‌ನಲ್ಲೇ ಕೆಲಸ ಮಾಡಿ ಬಂದವರು. ಉಪಾಯ ಗಡಿ ದಾಟಿದ್ದು ಹೀಗೆ!

ಬಾಂಗ್ಲಾದೇಶದಲ್ಲೂ ಅಳೆದರು. ಸಾವಿರದ ಮುನ್ನೂರಕ್ಕೂ ಹೆಚ್ಚು ಹಳ್ಳಿ! ನಾಲ್ಕು ವರ್ಷದಲ್ಲಿ ಯೋಜನೆ ಪಡೆದ ಹೆಂಗಸರ ಗಳಿಕೆ ಶೇ. 21ರಷ್ಟು ಏರಿತ್ತು. ಮನೆಗೆಲಸ, ಹೊಲದ ಕೂಲಿ ಬಿಟ್ಟು ದನಕರುವಿನ ಒಡತಿಯರಾಗಿದ್ದರು.

ಅಲ್ಲಿ ಸಿಕ್ಕ ಇನ್ನೊಂದು ಸಂಗತಿ ಮೈ ಜುಮ್ಮೆನ್ನಿಸುವಂಥದ್ದು. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಬೆಲೆಯ ಹಸು. ಆದರೆ ಕೆಲವರ ಮನೆಯಲ್ಲಿ ಮೊದಲೇ ಏನೋ ಚೂರುಪಾರು ಇತ್ತು, ಕೆಲವರಲ್ಲಿ ಅದೂ ಇರಲಿಲ್ಲ. ಹಸು ಸೇರಿದ ಮೇಲೆ ಆಸ್ತಿಯ ಬೆಲೆ ಒಂದು ಗೆರೆ ದಾಟಿದವರು ಮೇಲೆ ಮೇಲೆ ಏರುತ್ತಾ ಹೋದರು. ಗೆರೆಗಿಂತ ತುಸು ಕೆಳಗೆ ಉಳಿದವರು ಮೆಲ್ಲಗೆ ಮೊದಲಿನ ಸ್ಥಿತಿಗೇ ಇಳಿದರು!

ಆ ಗೆರೆ ಎಲ್ಲಿದೆ? ಸುಮಾರು 500 ಡಾಲರಿನ ಕೊಳ್ಳುವ ಶಕ್ತಿಯಷ್ಟು ಆಸ್ತಿ. ಅಷ್ಟೇ! ಬಾವಿಗೆ ಬಿದ್ದವನಿಗೆ ಕೈಗೆಟುಕಲು ಒಂದು ಗೇಣು ಸಾಲದ ಹಗ್ಗ ಇಳಿಸಿದರೆ ಎಷ್ಟು ವರ್ಷ ಇಳಿಸಿದರೂ ಪ್ರಯೋಜನವೇನು? ಆಗಾಗ ಚೂರುಚೂರು ಕೊಡುವುದಕ್ಕಿಂತ ಒಂದೇ ಸಲ ಸಾಕಷ್ಟು ಕೊಡುವುದೇ ಮೇಲು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ನಾನಂತೂ ಕಂಡಿಲ್ಲ.

ಆಮೇಲೆ? ಜಗತ್ತೇ ಪ್ರಯೋಗಶಾಲೆಯಾಯಿತು! ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು. ಆರು ದೇಶ, 10,495 ಮಂದಿ. 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಭಾಷೆ ಬೇರೆ, ದೇವರು ಬೇರೆ, ಊಟ ಬೇರೆ, ಆದರೂ ಉಪಾಯ ಕೆಲಸ ಮಾಡಿತ್ತು! ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ದೇಶ ಯಾವುದು ಹೇಳಿ?

ಭಾರತ! ಹಾಕಿದ ಒಂದು ರೂಪಾಯಿಗೆ ಕುಟುಂಬಗಳಿಗೆ ಸಿಕ್ಕುವ ಪ್ರಯೋಜನದ ಅಂದಾಜು 4 ರೂಪಾಯಿ 33 ಪೈಸೆ!

ಎಲ್ಲರಿಗಿಂತ ಕೆಳಗೆ? ಹೊಂಡುರಾಸ್. ಅಲ್ಲಿ ಹಸುವಿನ ಬದಲು ಹೆಚ್ಚಿನವರಿಗೆ ಕೋಳಿ ಕೊಟ್ಟರು. ರೋಗ ಬಂತು, ಕೋಳಿಗಳು ಸತ್ತವು. ಮುಗಿಯಿತು! ಲೆಕ್ಕ ನಷ್ಟಕ್ಕೆ ಹೋಯಿತು. ಎಷ್ಟೇ ನೊಬೆಲ್ ಬುದ್ಧಿ ಸೇರಿದರೂ ಕೋಳಿರೋಗದ ಮುಂದೆ ಏನು ನಡೆದೀತು?

ಹಾಗಾದರೆ ಬರಿ ಆಡು ಕೊಟ್ಟು ಸುಮ್ಮನಾದರೆ ಸಾಲದೇ? ಭೇಟಿ, ಪಾಠ, ಕೈಖರ್ಚು ಎಲ್ಲ ಯಾಕೆ? ಈ ಪ್ರಶ್ನೆ ನಿಮಗೂ ಬಂದಿರಬೇಕು. ಘಾನಾದಲ್ಲಿ ಅದನ್ನೂ ಮಾಡಿ ನೋಡಿದರು. ಕೆಲವರಿಗೆ ಇಡೀ ಗಂಟು. ಕೆಲವರಿಗೆ ಬರಿ ಆಡು. ಕೆಲವರಿಗೆ ಬರಿ ಉಳಿತಾಯದ ಖಾತೆ. ಬರಿ ಆಡಿನ ಫಲ ನಿಲ್ಲಲಿಲ್ಲ. ಬರಿ ಖಾತೆಯದೂ ನಿಲ್ಲಲಿಲ್ಲ. ಇಡೀ ಗಂಟು ನಿಂತಿತು!

ನೈಜರ್ ದೇಶದ ಪ್ರಯೋಗವಂತೂ ಇನ್ನೂ ವಿಚಿತ್ರ. ಅಲ್ಲಿ ಹಣ, ಉಳಿತಾಯ ಸಂಘ, ತರಬೇತಿಯ ಜೊತೆಗೆ ಊರವರನ್ನೆಲ್ಲ ಸೇರಿಸಿ ಒಂದು ಚಿತ್ರ ತೋರಿಸಿದರು! ಹೆಂಗಸೊಬ್ಬಳು ಗುರಿ ಇಟ್ಟುಕೊಂಡರೆ ಊರು ಹೇಗೆ ಜೊತೆ ನಿಲ್ಲಬಹುದು ಎಂಬ ಚರ್ಚೆ. ಹೆಂಗಸರಿಗೆ ಬದುಕಿನ ಕೌಶಲಗಳ ಪಾಠ. ಖರ್ಚಿಗೆ ಹೋಲಿಸಿದರೆ ಅಲ್ಲಿ ಹೆಚ್ಚು ಫಲ ಕೊಟ್ಟ ಪ್ಯಾಕೇಜಿನಲ್ಲಿ ಈ ‘ಮಾತುಕತೆ’ಯೂ ಸೇರಿತ್ತು. ಮಾತಿನಿಂದ ಹೊಟ್ಟೆ ತುಂಬುತ್ತದೆಯೇ ಎಂದು ಇನ್ನು ಮುಂದೆ ಕೇಳುವಾಗ ಸ್ವಲ್ಪ ಯೋಚಿಸಬೇಕು.

ಎಲ್ಲ ಕಡೆ ಗೆಲುವೇ ಎಂದುಕೊಂಡಿರಾ? ಕನ್ನಡಿಗರಿಗೆ ತೀರಾ ಹತ್ತಿರದ ಕಥೆ ಕೇಳಿ. ನಮ್ಮ ಬೀದರಿನ ಗಡಿಗೆ ಅಂಟಿಕೊಂಡಿದ್ದ ಹಳೆಯ ಮೇದಕ್ ಜಿಲ್ಲೆ. ಅಲ್ಲೂ ಎಸ್‌ಕೆಎಸ್ ಎಂಬ ಸಂಸ್ಥೆ ಇದೇ ಯೋಜನೆ ನಡೆಸಿತು. ಹಸುವೋ ಎಮ್ಮೆಯೋ, ಅದೇ ಪಾಠ. ಫಲಿತಾಂಶ?

ಸೊನ್ನೆ!

ಅಲ್ಲ, ಅದು ಸೋಲೂ ಅಲ್ಲ. ಪಡೆದವರ ಬದುಕು ಮೇಲೆದ್ದಿತ್ತು. ಆದರೆ ಪಡೆಯದವರ ಬದುಕೂ ಅಷ್ಟೇ ಮೇಲೆದ್ದಿತ್ತು! ಆ ವರ್ಷಗಳಲ್ಲಿ ಆ ಸೀಮೆಯಲ್ಲಿ ಕೂಲಿ ದರ ಸರಸರನೆ ಏರಿತು. ಹಸು ನೋಡಿಕೊಳ್ಳಲು ಕೂತವಳು ಕೂಲಿ ಬಿಟ್ಟಳು. ಹಸು ಇಲ್ಲದವಳು ಕೂಲಿಗೆ ಹೋಗಿ ಅಷ್ಟೇ ಗಳಿಸಿದಳು. ತಕ್ಕಡಿ ಸಮವಾಯಿತು! ಮುರ್ಷಿದಾಬಾದಿನಲ್ಲಿ ಪವಾಡ, ಮೇದಕ್‌ನಲ್ಲಿ ಸೊನ್ನೆ. ಹಸು ಒಂದೇ, ಸುತ್ತಲಿನ ಸಂತೆ ಬೇರೆ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕವಾದ ಭಾಗ ಇದೇ. ಸ್ವಸಹಾಯ ಸಂಘಗಳ ದೊಡ್ಡ ಪರಂಪರೆಯಿರುವ ನಮ್ಮ ಕರ್ನಾಟಕದಲ್ಲಿ ಇಂಥದ್ದನ್ನು ಹಾಕುವ ಯಾರೇ ಆಗಲಿ ಮೊದಲು ಕೇಳಬೇಕಾದದ್ದು ಆ ಊರಿನ ಕೂಲಿ ದರವನ್ನು!

ಈಗ ಕೊನೆಯ ಊಹೆ. ಸಂಸ್ಥೆಯೊಂದು ಸಾವಿರ ಮನೆಗೆ ಮಾಡಬಹುದು. ಸರ್ಕಾರ ಲಕ್ಷ ಮನೆಗೆ ಮಾಡಬಲ್ಲದೇ? ಅದೂ ಯಾವ ರಾಜ್ಯದಲ್ಲಿ?

ಬಿಹಾರ!

2016ರಲ್ಲಿ ಅಲ್ಲಿ ಪಾನನಿಷೇಧ ಬಂತು. ಸಾರಾಯಿ, ಹೆಂಡ ಮಾರಿ ಬದುಕುತ್ತಿದ್ದ ಬಡ ಮನೆಗಳ ಒಲೆ ರಾತ್ರೋರಾತ್ರಿ ಆರಿತು. 2018ರಲ್ಲಿ ಜೀವಿಕಾ ಎಂಬ ಸರ್ಕಾರಿ ಸಂಸ್ಥೆ ಇವರನ್ನೂ ಕಡುಬಡವರನ್ನೂ ಸೇರಿಸಿ ‘ಸತತ್ ಜೀವಿಕೋಪಾರ್ಜನ್ ಯೋಜನೆ’ ಶುರು ಮಾಡಿತು. ದಾರಿ ತೋರಿಸಲು ಜೊತೆ ನಿಂತದ್ದು ಯಾರು? ಅದೇ ಬಂಧನ್-ಕೊನ್ನಗರ್! ದನಕರುವಿನ ಜೊತೆಗೆ ಇಲ್ಲಿ ಬಹಳ ಮಂದಿ ಆರಿಸಿಕೊಂಡದ್ದು ಪುಟ್ಟ ಕಿರಾಣಿ ಅಂಗಡಿ. ಕೈ ಹಿಡಿಯಲು ತಿಂಗಳಿಗೆ ಸಾವಿರ ರೂಪಾಯಿ, ಏಳು ತಿಂಗಳು. ಮೊದಲ ಗುರಿ ಒಂದು ಲಕ್ಷ ಕುಟುಂಬ. ಈಗ ಎರಡು ಲಕ್ಷ ಮುಟ್ಟಿದೆ!

ಮುಂದಿನ ಸಲ ಗಯಾ, ಪಟ್ನಾ ಕಡೆ ಹೋದರೆ ಹಳ್ಳಿಯ ಕಿರಾಣಿ ಅಂಗಡಿಯ ಗಲ್ಲಾದ ಹಿಂದೆ ಕೂತ ದೀದಿಯ ಹತ್ತಿರ ಒಂದು ಪೊಟ್ಟಣ ಬಿಸ್ಕತ್ತು ಕೊಳ್ಳಿ. ಅಂಗಡಿ ಇಟ್ಟದ್ದು ಹೇಗೆ ಎಂದು ಕೇಳಿ. ಸರಿಯಾದ ಚಿಲ್ಲರೆ ತೆಗೆದುಕೊಂಡು ಹೋಗಿ, ಸಾಲ ಮಾತ್ರ ಹೇಳಬೇಡಿ. ಲೆಕ್ಕದಲ್ಲಿ ಅವರು ಗಟ್ಟಿ!